ಕರಿ ಕಡ್ಡಿಯ ಬೆಳಕು

ಇದ್ದಲಿ ತೊಳೆದರೆ ಬೆಳಕು ಬಂದೀತೇ ಅಂತ ಒಂದು ಗಾದೆ. ಗಾದೆ ಹಾಗಿಲ್ಲ ಅಂತೀರಾ? ಇರಲಿ. ಈ ಕತೆ ಮಾತ್ರ ಖರೇನೇ.

“ಸಾಬೀ, ಮಾಳಗಿ ಮ್ಯಾಗ ಎರಡು ಬ್ಯಾಟರಿ ಸೆಲ್ ಇಟ್ಟಿದ್ದೆ. ಈಗ ನೋಡಿದರ ಒಂದೇ ಅದಲ್ಲ?”

ಅಂಗಳದಿಂದ ಗುಂಡಮ್ಮ ಆಯಿ ಕೇಳಿದಾಗ, ಐದನೇ ಕ್ಲಾಸಿನ ಮೊಮ್ಮಗಳು ಸಾಬಮ್ಮ ಕಿಸೆಯನ್ನು ಅಂಗೈಯಿಂದ ಮುಚ್ಚಿಕೊಂಡಳು.

ಅಂದು ಶಾಲೆಯಲ್ಲಿ ಬೋರ್ಡಿಗೆ ಕರಿ ಹಚ್ಚುವ ದಿನ. ಸತ್ತ ಸೆಲ್ ಒಡೆದು, ಒಳಗಿನ ಪುಡಿಗೆ ತೊಂಡೆ ಬಳ್ಳಿಯ ತಪ್ಪಲ ಅರೆದು ಬಳಿದರೆ ಬೋರ್ಡು ಕರ್ರಗೆ ಹೊಳೆಯುತ್ತದೆ. ಮಾಳಗಿ ಮೇಲೆ ಬಿದ್ದದ್ದು ಸತ್ತ ಸೆಲ್ಲೇ ಅಂದುಕೊಂಡು ಸಾಬಮ್ಮ ಒಂದನ್ನು ಒಯ್ದು ಜಜ್ಜಿದ್ದಳು. ಶಕ್ತಿ ಬರಲೆಂದು ಆಯಿ ಅವನ್ನು ಬಿಸಿಲಿಗೆ ಇಟ್ಟದ್ದು ಈಗ ತಿಳಿಯಿತು.

ಕತ್ತಲಾಗಿತ್ತು, ಎಮ್ಮೆ ಈಯುವ ಹೊತ್ತು. ಒಣ ಕಣಕಿ ಮೇವು ತುಂಬಿದ ಕೊಟ್ಟಿಗೆಗೆ ಕಂದೀಲು ಒಯ್ಯುವಂತಿಲ್ಲ. ಎರಡು ಸೆಲ್ಲಿನ ಬ್ಯಾಟರಿಯೇ ಗತಿ.

ತಾನೇ ಸೆಲ್ ಹಾಕಿಕೊಡುತ್ತೇನೆ ಅಂತ ಸಾಬಮ್ಮ ಬ್ಯಾಟರಿ ಹಿಡಿದು ಮೂಲೆಗೆ ಸರಿದಳು. ಇದ್ದ ಒಂದು ಸೆಲ್ ಒಳಗಿಳಿಸಿ, ಖಾಲಿ ಜಾಗಕ್ಕೆ ಜೋಳದ ದಂಟಿನ ತುಂಡು ತುರುಕಿದಳು. ಹತ್ತಲಿಲ್ಲ. ಬಳಪ ಇಟ್ಟಳು. ಊಹೂಂ.

ಕಿಸೆಯಲ್ಲಿ, ಒಡೆದ ಸೆಲ್ಲಿನ ನಡುವೆ ಸಿಕ್ಕ ಕರಿ ಕಡ್ಡಿ ಇತ್ತು. ಇದ್ದಲಿಯ ತಮ್ಮನ ಹಾಗೆ ಬೆರಳಿಗೆಲ್ಲ ಮಸಿ. ಅದು ಅಲುಗದಂತೆ ನಡುವಿಗೆ ಕಾಗದ ಸುತ್ತಿ ಇಳಿಸಿ ಬಟನ್ ಒತ್ತಿದಳು.

ಬಲ್ಬು ಹತ್ತಿತು.

ಹಳದಿ ಬೆಳಕು. ಆದರೂ ಬೆಳಕೇ. ಸಾಬಮ್ಮ ಬಟನ್ ಬಿಟ್ಟು ಮತ್ತೊಮ್ಮೆ ಒತ್ತಿದಳು. ದಂಟು ಬಿಡದ, ಬಳಪ ಬಿಡದ ಕರೆಂಟಿಗೆ ಈ ಮಸಿ ಕಡ್ಡಿ ದಾರಿ ಬಿಟ್ಟಿತ್ತು. ಮಧ್ಯಾಹ್ನ ಇದರಿಂದಲೇ ಅವಳು ಫರಸಿ ಕಲ್ಲಿನ ಮೇಲೆ ಬೆಕ್ಕು ಬರೆದಿದ್ದಳು.

ನಗು ನುಂಗಿ, ಆಯಿಯ ಗೊಗ್ಗರು ದನಿಯನ್ನೇ ಅಣಕಿಸಿ ಬ್ಯಾಟರಿ ಕೊಟ್ಟಳು: “ಒಳಗ ಜೋಡಿ ಅದ ನೋಡವಾ. ಬಿಸಿಲು ಕುಡದು ಗಟ್ಟಿ ಆಗ್ಯದ.”

ಕೊಟ್ಟಿಗೆಯಲ್ಲಿ ಆಯಿ ಎಮ್ಮೆಯ ಮೇಲೆ ಬೆಳಕು ಬಿಟ್ಟಳು. ಸಾಲಲಿಲ್ಲ. ರೂಢಿಯಂತೆ ಬ್ಯಾಟರಿಯನ್ನು ಅಂಗೈಗೆ ಬಡಿದಳು. ಹಿಂದಿನ ಮುಚ್ಚಳ ಕಳಚಿ ಕರಿ ಕಡ್ಡಿ ಅವಳ ಕೈಗೇ ಬಿತ್ತು. ಕತ್ತಲೆ.

ಕತ್ತಲೆಯಲ್ಲೇ ಸಾಬಮ್ಮ ಬೋರ್ಡಿನ ಕತೆಯನ್ನೆಲ್ಲ ಒದರಿಬಿಟ್ಟಳು. ಆಯಿ ತಡಕಾಡಿ ತಾನೇ ಕಡ್ಡಿ ಇಳಿಸಿದಳು. ಬೆಳಕು. ತೆಗೆದಳು. ಕತ್ತಲೆ. ಮತ್ತೆ ಇಳಿಸಿದಳು. ಎಮ್ಮೆಯ ಕಣ್ಣು ಮಿನುಗಿತು.

“ಕರಿ ಎಮ್ಮಿ ಬಿಳಿ ಹಾಲು ಕೊಡೂದು ನೋಡೀನಿ,” ಅಂದಳು ಆಯಿ ಮೆಲ್ಲಗೆ. “ಮಸಿ ಬೆಳಕು ಕೊಡೂದು ಇವತ್ತೇ ನೋಡ್ದೆ.”

ಸಾಬಮ್ಮ ಬೆರಳಿನ ಮಸಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಲಂಗಕ್ಕೆ ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

“ಜೋಡಿ ಅದ ಅಂದ್ಯಲ್ಲಾ, ಕಳ್ಳಿ,” ಅಂತ ಆಯಿಗೆ ಈಗ ನೆನಪಾಯಿತು. ಸಾಬಮ್ಮ ಕಿಸಕ್ಕಂದಳು. ಆಯಿ ಮಾತ್ರ ಇದ್ದ ನಾಲ್ಕು ಹಲ್ಲೂ ಕಾಣುವಂತೆ, ಎಮ್ಮೆ ಮೇವು ಬಿಟ್ಟು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು.