ಗೆರೆ ತಿರುಗಿಸುವ ನಂಬರ್

“ಬೇಡ ಅಜ್ಜಿ! ಆ ಬಟನ್ ಒತ್ತಬೇಡಿ!”

ಕಡ್ಡಿ ಕಿರುಚಿದ ರಭಸಕ್ಕೆ ನರ್ಸಜ್ಜಿಯ ಬೆರಳು ಕೀಬೋರ್ಡಿನ ಮೇಲೆ ಗಾಳಿಯಲ್ಲೇ ನಿಂತಿತು. ಪಕ್ಕದಲ್ಲಿದ್ದ ಚಿಕ್ಕಮ್ಮ ತಿರುಗಿ ನೋಡಿದಳು.

ತೀರಾ ತೆಳ್ಳಗಿದ್ದಾಳೆಂದು ಮನೆಯವರು ಅವಳಿಗಿಟ್ಟ ಹೆಸರು ಕಡ್ಡಿ. ಶಾಲೆ ಬಿಟ್ಟ ಮೇಲೆ ಅಮ್ಮ ಬರುವವರೆಗೆ ಅವಳು ಚಿಕ್ಕಮ್ಮನ ಕೋಣೆಯಲ್ಲೇ ಇರುತ್ತಿದ್ದಳು. ಚಿಕ್ಕಮ್ಮ ಚಿತ್ರಕಲಾವಿದೆ. ಆದರೆ ಅಲ್ಲಿ ಬಣ್ಣವೂ ಇಲ್ಲ, ಬ್ರಷ್ಷೂ ಇಲ್ಲ. ಗೆರೆ ಎಲ್ಲಿಂದ ಹೊರಡಬೇಕು, ಎಷ್ಟು ಬಾಗಬೇಕು, ಯಾವ ಬಣ್ಣದ ಪಕ್ಕ ಯಾವುದು ಕೂರಬೇಕು ಅಂತ ಅವಳು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುತ್ತಾಳೆ. ಬಟನ್ ಒತ್ತಿದರೆ ಒಂದು ಚಿತ್ರ ಬರುತ್ತದೆ. ಮತ್ತೆ ಒತ್ತಿದರೆ ಬೇರೆಯದೇ ಬರುತ್ತದೆ.

ಕೊಳ್ಳುವವರೇ ಬಂದು ಬಟನ್ ಒತ್ತಬೇಕು. ಮೊದಲು ಬಂದ ಚಿತ್ರವೇ ಅವರದು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಈ ಅಜ್ಜಿ ಆಗಲೇ ನಾಲ್ಕು ಚಿತ್ರ ಕೂಡಿಸಿದ್ದರು. ಇವತ್ತು ಐದನೆಯದು.

“ಏನಾಯ್ತೇ?” ಎಂದಳು ಚಿಕ್ಕಮ್ಮ.

“ನೀನು ಟೀ ತರೋಕೆ ಹೋದಾಗ... ಒಂದು ನಂಬರ್ ಚೇಂಜ್ ಮಾಡಿಬಿಟ್ಟೆ.”

“ಯಾಕೆ?”

“ಕ್ಲಾಸಲ್ಲಿ ಎಲ್ಲಾ ನಗ್ತಾರೆ. ‘ನಿಮ್ಮ ಚಿಕ್ಕಮ್ಮ ಏನ್ ಮಾಡ್ತಾರೆ ಮಹಾ, ಎಲ್ಲಾ ಕಂಪ್ಯೂಟರೇ ಮಾಡುತ್ತಲ್ಲ’ ಅಂತಾರೆ. ನಿಜಾನಾ, ನೀನು ಬರೆದಿದ್ದು ಬದಲಾದ್ರೂ ಚಿತ್ರ ಹಾಗೇ ಬರುತ್ತಾ ಅಂತ ನೋಡೋಣ ಅನ್ನಿಸ್ತು.”

“ಯಾವ ನಂಬರ್?”

“ಮರೆತುಹೋಯ್ತು. ಎಲ್ಲಾ ಒಂದೇ ಥರ ಇದ್ವು.”

“ಹೆಸರಿಗೆ ತಕ್ಕ ಹಾಗೆ ಕಡ್ಡಿ ಆಡಿಸಿಬಿಟ್ಟೆಯಲ್ಲೇ!” ಎಂದಳು ಚಿಕ್ಕಮ್ಮ. ಆದರೆ ಅವಳ ಮುಖ ಸಪ್ಪಗಾಗಿತ್ತು. ಪ್ರೋಗ್ರಾಂನಲ್ಲಿ ಒಂಬೈನೂರು ಸಾಲುಗಳಿದ್ದವು. ಈ ವಾರ ತಿದ್ದಿದ್ದನ್ನು ಬೇರೆ ಕಡೆ ಕಾಪಿ ಮಾಡಿಟ್ಟಿರಲಿಲ್ಲ.

ನರ್ಸಜ್ಜಿ ಕುರ್ಚಿ ಎಳೆದು ಕೂತರು. “ನಿಧಾನವಾಗಿ ನೋಡಮ್ಮ. ಡಾಕ್ಟರಿಗೆ ಕಾದು ಕಾದು ನಂಗೆ ಅಭ್ಯಾಸ ಆಗಿದೆ.”

ಚಿಕ್ಕಮ್ಮ ಪರೀಕ್ಷೆಗೆಂದು ಮೂರು ಚಿತ್ರ ಬರಿಸಿದಳು. ಕಡ್ಡಿಯ ಕಣ್ಣಿಗೆ ಮೂರೂ ಚೆನ್ನಾಗೇ ಇದ್ದವು. ಚಿಕ್ಕಮ್ಮ ಮಾತ್ರ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

“ಬಣ್ಣ ಸರಿ ಇದೆ. ದಪ್ಪಾನೂ ಸರಿ ಇದೆ... ಹಾಂ, ಇಲ್ಲಿ ನೋಡು. ಎರಡು ಗೆರೆ ಹತ್ತಿರ ಬಂದ ಕೂಡ್ಲೇ ಬೆಚ್ಚಿಬಿದ್ದ ಹಾಗೆ ದೂರ ಹಾರ್ತಿವೆ. ನನ್ನ ಗೆರೆ ಹೀಗೆ ತಿರುಗಲ್ಲ. ಎದುರಿಗೆ ಬಂದವರಿಗೆ ದಾರಿ ಬಿಡ್ತೀವಲ್ಲ, ಹಾಗೆ ಮೆಲ್ಲಗೆ ಸರಿಯುತ್ತೆ.”

ಅವಳು ನೇರವಾಗಿ ಒಂದು ಸಾಲಿಗೆ ಹೋದಳು. ಅಲ್ಲಿ ಪಾಯಿಂಟ್ ಎಂಟು ಎಂದಿತ್ತು.

“ಇದು ಪಾಯಿಂಟ್ ಮೂರು ಇರ್ಬೇಕು,” ಎಂದು ತಿದ್ದಿದಳು. “ಇದನ್ನ ಹುಡುಕೋಕೆ ನಂಗೆ ಎರಡು ತಿಂಗಳು ಬೇಕಾಯ್ತು. ನಾಲ್ಕಾದ್ರೆ ಒರಟು, ಎರಡಾದ್ರೆ ಜೀವಾನೇ ಇರಲ್ಲ.”

ಕಡ್ಡಿ ಬಾಯಿ ಬಿಟ್ಟುಕೊಂಡು ನಿಂತಳು. ಒಂಬೈನೂರು ಸಾಲಿನಲ್ಲಿ ಒಂದು ನಂಬರನ್ನು ಬರೀ ಕಣ್ಣಿನಿಂದಲೇ ಹಿಡಿಯುವುದೇ!

“ಈಗ ಒತ್ತಿ ಸಿಸ್ಟರ್,” ಎಂದಳು ಚಿಕ್ಕಮ್ಮ.

ನರ್ಸಜ್ಜಿ ಕಣ್ಣು ಮುಚ್ಚಿ ಒತ್ತಿದರು. ಬೂದುಬಣ್ಣದ ಹಾಳೆಯ ಮೇಲೆ ನೀಲಿ ಗೆರೆಗಳು ಒಂದೊಂದಾಗಿ ಹೊರಟವು. ಅವುಗಳ ನಡುವೆ ನುಸುಳಿಕೊಂಡು ಒಂದೇ ಒಂದು ಹಳದಿ ಗೆರೆ ಬಂತು.

“ಅಬ್ಬಾ!” ಚಿಕ್ಕಮ್ಮನೂ ನರ್ಸಜ್ಜಿಯೂ ಒಟ್ಟಿಗೆ ಅಂದರು.

“ನೀನೂ ಮೊದಲು ನೋಡಿರ್ಲಿಲ್ವಾ?” ಕಡ್ಡಿ ಕೇಳಿದಳು.

“ಎಲ್ಲಿ ನೋಡ್ಲಿ? ಈಗ ತಾನೇ ಹುಟ್ಟಿತಲ್ಲ!”

“ಇದು ನಂದೇ. ಯಾರು ಕೇಳಿದ್ರೂ ಕೊಡಲ್ಲ,” ಎಂದು ನರ್ಸಜ್ಜಿ ಕನ್ನಡಕ ಒರೆಸಿಕೊಂಡರು. ಪ್ರಿಂಟ್ ಮಾಡಿದ ಚಿತ್ರವನ್ನು ಸುರುಳಿ ಸುತ್ತಿಸಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದು ಹೊರಟರು.

ಚಿಕ್ಕಮ್ಮ ಲೋಟ ತೊಳೆಯಲು ಹೋದಳು. ಕಡ್ಡಿ ಗೋಡೆಯ ಮೇಲಿದ್ದ ಹಳೆಯ ಚಿತ್ರಗಳ ಮುಂದೆ ನಿಂತಳು. ಒಂದು ಕೆಂಪು, ಒಂದು ಹಸಿರು, ಒಂದು ಪೂರ್ತಿ ಕಪ್ಪು. ಎರಡು ಗೆರೆಗಳು ಹತ್ತಿರ ಬರುವ ಜಾಗವನ್ನು ಹುಡುಕಿ ಬೆರಳಿಟ್ಟಳು. ಮೆಲ್ಲಗೆ ಸರಿದಿದ್ದವು. ಪಕ್ಕದ್ದರಲ್ಲೂ ಹಾಗೇ.

“ಇದೂ ನಿಂದೇ... ಇದೂ ನಿಂದೇ...”

“ಏನೇ ಅದು, ಒಬ್ಬಳೇ ಮಾತಾಡ್ತಿದ್ದೀಯ?” ಒಳಗಿನಿಂದ ಚಿಕ್ಕಮ್ಮ ಕೂಗಿದಳು.

“ಏನಿಲ್ಲ,” ಎಂದು ಕಡ್ಡಿ ಮುಂದಿನ ಚಿತ್ರಕ್ಕೆ ಸರಿದಳು.