ಅರ್ಧ ಕರಿ, ಅರ್ಧ ಬಿಳಿ ಟೋಸ್ಟ್

ಟೋಸ್ಟರಿನಿಂದ ಟಪ್ಪನೆ ಮೇಲೆದ್ದ ಬ್ರೆಡ್ಡು ಇವತ್ತೂ ಹಾಗೇ ಇತ್ತು. ಕೆಳಗಿನ ಅರ್ಧ ಹಂಚಿನಂತೆ ಕರಿ, ಮೇಲಿನ ಅರ್ಧ ಹಸಿ ಬಿಳಿ.

"ಆ ಹುಡುಗ ಬೀಳಿಸಿ ಕೆಡಿಸಿಟ್ಟಾನ" ಎಂದು ಅವ್ವ ಗೊಣಗಿದಳು. ನೇತ್ರಾ ತಟ್ಟೆ ನೋಡುತ್ತ ಕೂತಳು.

ಆ ಹುಡುಗ ಅಂದರೆ ತಮ್ಮ ಅಮಿತ. ಪಾಪ, ಅವನು ಟೋಸ್ಟರನ್ನು ಮುಟ್ಟಿಯೇ ಇರಲಿಲ್ಲ. ಮಾಮಾ ಅದನ್ನು ತಂದುಕೊಟ್ಟ ದಿನ ಅದರ ಗುಂಡಿ ತಿರುಗಿಸಿ ಆಡಿದವಳು ನೇತ್ರಾ. ಬ್ರೆಡ್ಡು ಕರಿಯಾದಾಗ ತನ್ನಿಂದಲೇ ಕೆಟ್ಟಿತೆಂದು ಹೆದರಿ, ಅಮಿತ ಬೀಳಿಸಿದ ಎಂದುಬಿಟ್ಟಿದ್ದಳು. ಅವನು ಅತ್ತರೂ ಯಾರೂ ನಂಬಲಿಲ್ಲ. ನಾಳೆ ರವಿವಾರ, ಎಲ್ಲರೂ ಚಿಕ್ಕಪಡಸಲಗಿಗೆ ಹೊಳೆ ನೋಡಲು ಹೊರಟಿದ್ದರು. ಅಮಿತ ಮಾತ್ರ ಮನೆಯಲ್ಲೇ ಇರಬೇಕೆಂದು ಅಪ್ಪ ಹೇಳಿಯಾಗಿತ್ತು.

ಅಜ್ಜಿ ಗುರುಬಾಯಿ ಆ ಬ್ರೆಡ್ಡನ್ನು ಬೆಳಕಿಗೆ ಹಿಡಿದಳು. ಐವತ್ತು ವರ್ಷ ಸೀರೆ ನೇಯ್ದವಳು, ಏನು ಕೊಟ್ಟರೂ ಮೊದಲು ಬೆಳಕಿಗೆ ಹಿಡಿಯುವುದು ಅವಳ ರೂಢಿ. ಇನ್ನೆರಡು ತುಂಡು ಸುಡಿಸಿ, ಮೂರನ್ನೂ ಸಾಲಾಗಿ ಇಟ್ಟಳು. ಮೂರರಲ್ಲೂ ಬಿಳಿ ಒಂದೇ ಜಾಗದಲ್ಲಿತ್ತು.

"ಸೀರಿಯೊಳಗ ಒಂದ ಜಾಗಾದಾಗ ಗೆರಿ ಬೀಳಾಕತ್ತಿದ್ರ, ಮೊದಲ ನೂಲಿನ ಎಳಿ ನೋಡಬೇಕ ಯವ್ವಾ."

ಅವ್ವ ಪ್ಲಗ್ ಕಿತ್ತು, ಟೋಸ್ಟರ್ ಆರಿದ ಮೇಲೆ ಒಳಗೆ ಟಾರ್ಚ್ ಬಿಟ್ಟಳು. ಸಣ್ಣ ತಂತಿಯನ್ನು ಸಾಲುಸಾಲಾಗಿ ಸುತ್ತಿದ್ದರು. ಕೆಳಗೆ ಒತ್ತೊತ್ತಾಗಿ, ಮೇಲೆ ಬಿಡಿಬಿಡಿಯಾಗಿ. ಒತ್ತಾಗಿದ್ದಲ್ಲಿ ಕಾವು ಜಾಸ್ತಿ, ಬಿಡಿಯಾಗಿದ್ದಲ್ಲಿ ಕಡಿಮೆ. ನೇತ್ರಾಗೆ ತಟ್ಟನೆ ಹೊಳೆಯಿತು.

"ಇದು ಬಿದ್ದು ಕೆಟ್ಟಿದ್ದಲ್ಲ. ಕಾರ್ಖಾನಿಯಾಗ ತಂತಿ ಸುತ್ತೂವಾಗನ ಹಿಂಗ ಸುತ್ಯಾರ" ಎಂದಳು ಅಜ್ಜಿ.

ಹಾಗಾದರೆ ತಾನೂ ಕೆಡಿಸಿರಲಿಲ್ಲ! ನೇತ್ರಾಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅಮಿತ ಕಂಡ. ಅವಳಿಗೆ ಬಹಳ ನಾಚಿಕೆಯಾಯಿತು. ಅಪ್ಪನಿಗೆ ನಾನು ಹೇಳುತ್ತೇನೆ ಎಂದು ಅವ್ವ ಎದ್ದಳು. ಬೇಡ, ನಾನೇ ಹೇಳುತ್ತೇನೆ ಎಂದು ನೇತ್ರಾ ಓಡಿದಳು.

ಹಿತ್ತಲಲ್ಲಿ ನಾಲ್ಕು ಮಗ್ಗ ಖಟಖಟ ಓಡುತ್ತಿದ್ದವು. ಅಲ್ಲಿ ಗುಟ್ಟಾಗಿ ಏನೂ ಹೇಳುವಂತಿಲ್ಲ, ಎಲ್ಲವನ್ನೂ ಕೂಗಿಯೇ ಹೇಳಬೇಕು. ಅವಳು ಹೇಳಿದ್ದು ಅಪ್ಪನಿಗೆ ಕೇಳಿಸಲಿಲ್ಲ. ಅವನು ಕಿವಿಗೆ ಕೈ ಹಚ್ಚಿದ. ನೇತ್ರಾ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಮತ್ತೆ ಕೂಗಿದಳು. ಅದೇ ಹೊತ್ತಿಗೆ ಅಪ್ಪ ಮಗ್ಗಗಳನ್ನು ಬಂದ್ ಮಾಡಿದ.

"ಅಮಿತ ಬೀಳಿಸಿಲ್ಲ, ನಾನ ಸುಳ್ಳ ಹೇಳೇನಿ!"

ಮಾತು ಓಣಿಗೆಲ್ಲ ಕೇಳಿತು. ಪಕ್ಕದ ಮನೆಯ ಚನಮಲ್ಲಪ್ಪ ಕಾಕಾ ಇಣುಕಿ ನೋಡಿದ. ನೇತ್ರಾಳ ಮುಖ ಕೆಂಪಾಯಿತು, ಆದರೂ ಅವಳು ಅಲ್ಲಿಂದ ಓಡಲಿಲ್ಲ. ನಾಳೆ ಅಮಿತ ಹೋಗಲಿ, ನಾನು ಮನೆಯಲ್ಲಿರುತ್ತೇನೆ ಎಂದಳು.

ಅಪ್ಪ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಅಮಿತನ ದನಿ ಬಂತು.

"ಅಕ್ಕಾನೂ ಬರ್ಲಿ ಅಪ್ಪಾ."

ಅಲ್ಲಿಯವರೆಗೆ ತಡೆದಿದ್ದ ಅಳು ನೇತ್ರಾಗೆ ಆಗ ಬಂತು.