ಭಾನುವಾರ ಬಿಟ್ಟು ಬೇರೆ ದಿನ

"ವಾರದಲ್ಲಿ ಯಾವ ದಿನ ಮಲಗಿದ್ರೆ ಯಾರಿಗೂ ತೊಂದರೆ ಇಲ್ಲ?"

ಹೊಲಿಗೆ ಅಂಗಡಿಯ ಮೂಲೆಯಲ್ಲಿ, ತೆರೆದ ಫ್ರಿಜ್ಜಿನ ಮುಂದೆ ನಿಂತು ಟೈಲರಮ್ಮ ಗಾಳಿಗೆ ಕೇಳಿದಳು. ಕೈಯಲ್ಲಿ ಸಕ್ಕರೆ ಕಾಯಿಲೆಯ ಹೊಸ ಇಂಜೆಕ್ಷನ್. ವಾರಕ್ಕೆ ಒಂದೇ ಸಲ. ಮರುದಿನ ಹೊಟ್ಟೆ ತೊಳಸಬಹುದು, ದಿನ ನೀವೇ ಆರಿಸಿಕೊಳ್ಳಿ ಎಂದಿದ್ದರು ನರ್ಸಮ್ಮ.

"ಭಾನುವಾರ!"

ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಹೊಲಿಗೆ ಬಿಚ್ಚಿದ ಕೋಟು ಹಿಡಿದು ನಿಂತಿದ್ದ, ಎದುರು ಅಂಗಡಿಗೆ ಹೊಸದಾಗಿ ಬಂದ ಗಡಿಯಾರ ರಿಪೇರಿಯವನು.

"ಅವತ್ತು ಲೋಕವೇ ಮಲಗಿರುತ್ತಲ್ಲ, ಅದಕ್ಕೆ ಹೇಳ್ದೆ," ಎಂದು ನಕ್ಕ.

ಆ ನಗುವಿಗೆ ಅವಳ ಎದೆ ಒಂದು ಹೊಲಿಗೆ ತಪ್ಪಿತು! ಇಂಜೆಕ್ಷನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಹಿಂದೊಮ್ಮೆ ಈ ಕಾಯಿಲೆಯ ಹೆಸರು ಕೇಳಿಯೇ ಮದುವೆಯ ಮಾತು ಮುರಿದುಬಿದ್ದಿತ್ತು...

ಅಂದಿನಿಂದ ಶನಿವಾರ ಸಂಜೆ ಸೂಜಿ, ಭಾನುವಾರ ಹಾಸಿಗೆ. ಮಿಕ್ಕ ದಿನಗಳಲ್ಲಿ ಅವನು. ಕೋಟಿಗೆ ಗುಂಡಿ, ಶರ್ಟಿಗೆ ಕಾಲರು, ಕೊನೆಕೊನೆಗೆ ನೆಪವೇ ಇಲ್ಲದೆ ಬರತೊಡಗಿದ.

"ಟೈಲರಮ್ಮ, ಈ ಭಾನುವಾರ ಹೊಳೆ ಕಡೆ ಹೋಗಿ ಬರೋಣ್ವಾ?"

"ಆಗಲ್ಲ... ಕೆಲಸ ಇದೆ."

ಮುಂದಿನ ವಾರವೂ ಅದೇ ಮಾತು. ಮೂರನೆಯ ಸಲ ಅವನ ಮುಖ ಬಾಡಿತು.

"ನಿಮ್ಮ ಭಾನುವಾರ ಬೇರೆ ಯಾರಿಗೋ ಮೀಸಲು ಅಂತ ಮೊದಲೇ ಹೇಳಬಾರದಿತ್ತಾ? ಇನ್ನು ಕೇಳಲ್ಲ ಬಿಡಿ."

'ಅಯ್ಯೋ, ಆ ದಿನ ಆರಿಸಿ ಕೊಟ್ಟವರೇ ನೀವು!' ಬಾಯಲ್ಲಿ ಬಿಸಿ ತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ.

ಅವನು ಮತ್ತೆ ಬರಲಿಲ್ಲ. ಹತ್ತು ದಿನ ತಡೆದಳು. ಮಂಗಳವಾರ ನರ್ಸಮ್ಮನಿಗೆ ಫೋನ್ ಮಾಡಿದಳು.

"ದಿನ ಬದಲಿಸಬಹುದಾ?"

"ಧಾರಾಳವಾಗಿ! ನಿಮ್ಮ ಔಷಧಿಗೆ ಎರಡು ಸೂಜಿ ನಡುವೆ ಮೂರು ದಿನ ಆದ್ರೂ ಇರಲಿ, ಅಷ್ಟೇ. ಯಾಕಮ್ಮ, ಶನಿವಾರ ಮೈಗೆ ಒಗ್ಗಲಿಲ್ವಾ?"

"ಮೈಗೆ ಒಗ್ಗಿತು... ಮನಸ್ಸಿಗೆ ಒಗ್ಗಲಿಲ್ಲ."

ಫೋನ್ ಇಟ್ಟವಳೇ ರಸ್ತೆ ದಾಟಿ, ಅವನ ಮೇಜಿನ ಮೇಲೆ, ಬಿಚ್ಚಿಟ್ಟ ಗಡಿಯಾರದ ಪಕ್ಕ ಇಂಜೆಕ್ಷನ್ ಡಬ್ಬಿ ಇಟ್ಟಳು.

"ನನ್ನ ಭಾನುವಾರ ತಿಂತಿದ್ದದ್ದು ಇದು. ಸಕ್ಕರೆ ಕಾಯಿಲೆ ನನಗೆ. ಸೂಜಿ ಇನ್ಮೇಲೆ ಬುಧವಾರ. ಭಾನುವಾರ ಖಾಲಿ ಇದೆ... ಬೇಕಾದವರಿಗೆ."

ಅವನು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ಮೆಲ್ಲಗೆ ತೆಗೆದ. ಕಣ್ಣು ತೇವವಾಗಿತ್ತು.

"ಎಂಥ ದಡ್ಡ ನಾನು! ಊರ ಗಡಿಯಾರವೆಲ್ಲ ಸರಿ ಮಾಡಿ, ಅವತ್ತು ಭಾನುವಾರ ಅಂತ ಹೇಳಿ ನಿಮ್ಮ ವಾರ ಕೆಡಿಸಿಬಿಟ್ನಲ್ಲ."

"ಈ ಕಾಯಿಲೆ ಅಂದ್ರೆ... ಭಯ ಆಗಲ್ವಾ?"

"ಆಗುತ್ತೆ. ನೀವು ಇನ್ನೊಂದ್ಸಲ 'ಆಗಲ್ಲ' ಅಂದುಬಿಟ್ರೆ ಅಂತ."

'ದೇವರೇ, ಬೇಡಲೂ ಹೆದರಿದ್ದನ್ನು ನೀನಾಗಿ ಕೊಟ್ಟೆಯಲ್ಲ!' ಅವಳು ನಗುತ್ತ ಡಬ್ಬಿ ಎತ್ತಿಕೊಂಡಳು.

ಗುರುವಾರ ಒಳಕೋಣೆಯಲ್ಲಿ ತಲೆಯೆತ್ತಲಾಗದೆ ಮಲಗಿದ್ದವಳಿಗೆ ಅಂಗಡಿಯಿಂದ ಮಾತು ಕೇಳಿಸಿತು.

"ಅಳತೆ ತಗೊಳ್ಳೋಕೆ ನನಗೆ ಬರಲ್ಲ ತಾಯಿ, ಬಟ್ಟೆ ಕೊಟ್ಟು ಹೋಗಿ. ಅವರು ನಾಳೆ ಸಿಗ್ತಾರೆ."

ಗೋಡೆ ಹಿಡಿದು ಎದ್ದು ಬಂದಳು. ಎದುರು ಅಂಗಡಿಗೆ ಬೀಗ. ಅವಳ ಸ್ಟೂಲಿನ ಮೇಲೆ ಅವನು, ಕೊರಳಲ್ಲಿ ಅಳತೆ ಟೇಪು ತಲೆಕೆಳಗಾಗಿ ನೇತಾಡುತ್ತಿತ್ತು.

"ನನಗೋಸ್ಕರ ನಿಮ್ಮ ಕೆಲಸ ಕೆಡೋದು ಬೇಡ. ದಯವಿಟ್ಟು ಹೋಗಿ..."

ಅವನು ಅವಳ ಹೆಗಲಿಗೆ ಶಾಲು ಹೊದಿಸಿ, ಕಡ್ಡಿ ಮುರಿದಂತೆ ಹೇಳಿದ.

"ಹೋಗಲ್ಲ."